ಬೆದರುಗೊಂಬೆಯೂ ಬೇಟೆಗಾರನ ಮರೆಯೂ

ಹಾವೇರಿಯಿಂದ ರಾಣೆಬೆನ್ನೂರಿಗೆ ರೈಲಿನಲ್ಲಿ ಹೋಗುವಾಗ ಬ್ಯಾಡಗಿಯ ಆಚೆ ಈಚೆಗಿನ ಹೊಲಗಳಲ್ಲಿ ಬೆದರುಗೊಂಬೆಗಳನ್ನು ಕಾಣಬಹುದು. ಎರಡು ಕೋಲು, ಒಂದು ಹರಕು ಅಂಗಿ, ತಲೆಯ ಸ್ಥಾನದಲ್ಲಿ ಒಂದು ಮಡಕೆ. ಇಷ್ಟೇ ಅದರ ಸಾಮಗ್ರಿ. ಮೊದಲ ಒಂದೆರಡು ದಿನ ಹಕ್ಕಿಗಳು ಅದಕ್ಕೆ ಅಂಜುತ್ತವೆ. ವಾರ ಕಳೆಯುವಷ್ಟರಲ್ಲಿ ಕಾಗೆಯೊಂದು ಆ ಮಡಕೆಯ ಮೇಲೆಯೇ ಕುಳಿತಿದ್ದರೆ ಆಶ್ಚರ್ಯವಿಲ್ಲ. ಬೆದರುಗೊಂಬೆಯೆಂದರೆ ಮನುಷ್ಯನಿಲ್ಲದ ಮನುಷ್ಯಾಕಾರ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಉಪಾಯವುಂಟು. ಅಲ್ಲಿ ಮನುಷ್ಯನಿರುತ್ತಾನೆ, ಆದರೆ ಅವನ ಆಕಾರ ಕಾಣುವುದಿಲ್ಲ. ಅದೇ ಬೇಟೆಗಾರನ ಮರೆ.

ಉತ್ತರ ಅಮೆರಿಕದ ಕಾಡುಗಳಲ್ಲಿ ಕಾಡು ಟರ್ಕಿ ಕೋಳಿಯನ್ನು ಬೇಟೆಯಾಡುವವರು ಈ ಉಪಾಯವನ್ನೇ ಅನುಸರಿಸುತ್ತಾರೆ. ನೆಲದ ಮೇಲೆ ರೆಂಬೆಗಳಿಂದಲೋ ದಪ್ಪ ಬಟ್ಟೆಯಿಂದಲೋ ಒಂದು ತಗ್ಗಾದ ಗೂಡನ್ನು ಕಟ್ಟಿ, ಬೆಳಕು ಹರಿಯುವ ಮುನ್ನವೇ ಅದರೊಳಗೆ ಸೇರಿ, ಹೇಂಟೆಯ ಕೂಗನ್ನು ಅನುಕರಿಸುತ್ತಾರೆ. ಆ ಕೂಗಿಗೆ ಮನಸೋತ ಹುಂಜವು ಬಾಲವನ್ನು ಬೀಸಣಿಗೆಯಂತೆ ಅರಳಿಸಿಕೊಂಡು ತಾನಾಗಿಯೇ ಹತ್ತಿರ ಬರುತ್ತದೆ.

ಟರ್ಕಿಯ ಕಣ್ಣು ಬಹಳ ಚುರುಕಾದುದು. ಹೀಗಿರಲು ಕೆಲವೇ ಮಾರು ದೂರದಲ್ಲಿರುವ ಮನುಷ್ಯನು ಅದಕ್ಕೆ ಏಕೆ ಕಾಣುವುದಿಲ್ಲ? ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಕತ್ತನ್ನು ತಿರುಗಿಸದೆಯೇ ಸುತ್ತಲಿನ ಬಹುಭಾಗವು ಅದರ ದೃಷ್ಟಿಗೆ ಬೀಳುತ್ತದೆ. ಈ ವಿಶಾಲ ದೃಷ್ಟಿಯಲ್ಲಿ ಹಕ್ಕಿಯನ್ನು ಎಚ್ಚರಿಸುವ ಸಂಗತಿಗಳು ಮುಖ್ಯವಾಗಿ ಎರಡು: ಚಲನೆ, ಮತ್ತು ಹಿಂದೆ ಅಪಾಯ ತಂದೊಡ್ಡಿದ ಪ್ರಾಣಿಯ ಆಕಾರ. ಮರೆಯು ಆಕಾರವನ್ನು ಮುಚ್ಚುತ್ತದೆ. ಒಳಗಿನ ಕತ್ತಲು ಕೈಕಾಲುಗಳ ಸಣ್ಣ ಚಲನೆಯನ್ನು ನುಂಗುತ್ತದೆ. ಹೊಸ ವಸ್ತುವೆಂಬ ಅಂಜಿಕೆಯಾದರೋ ಕೆಲವು ದಿನಗಳಲ್ಲಿ ತಾನೇ ಕಳೆಯುತ್ತದೆ. ತನಗೆ ಕೇಡು ಮಾಡದ ವಸ್ತುವಿಗೆ ಹೀಗೆ ಹೊಂದಿಕೊಳ್ಳುವುದನ್ನು ವಿಜ್ಞಾನಿಗಳು 'ರೂಢಿಗೊಳ್ಳುವಿಕೆ' ಎನ್ನುತ್ತಾರೆ. ಕಾಗೆಯನ್ನು ಬೆದರುಗೊಂಬೆಯ ಮೇಲೆ ಕೂರಿಸುವುದೂ ಇದೇ ಗುಣ.

ನಮ್ಮ ನಾಡಿನಲ್ಲಿ ಕಾಡು ಟರ್ಕಿ ಇಲ್ಲ. ಆದರೆ ಅದನ್ನು ನೆನಪಿಗೆ ತರುವ ಮಹಾಪಕ್ಷಿಯೊಂದು ರಾಣೆಬೆನ್ನೂರಿನ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಬಾಳಿತ್ತು. ಇದಕ್ಕೆ ಎರೆಭೂತ, ದೊರವಾಯನ ಹಕ್ಕಿ ಎಂಬ ಹೆಸರುಗಳುಂಟು. ಎರೆಯೆಂದರೆ ಕಪ್ಪು ಮಣ್ಣಿನ ಭೂಮಿ. ಒಂದು ಮೀಟರಿನಷ್ಟು ಎತ್ತರದ ಈ ಹಕ್ಕಿಯ ಗಂಡು 15 ಕಿಲೋಗ್ರಾಂವರೆಗೂ ತೂಗಬಲ್ಲದು. ಅದರ ಕಾಲಿನಲ್ಲಿ ಹಿಂಬೆರಳು ಇಲ್ಲದ ಕಾರಣ ಅದು ಕೊಂಬೆಯನ್ನು ಹಿಡಿದು ಕೂರಲಾರದು. ಹಗಲಿರುಳೂ ನೆಲವೇ ಅದಕ್ಕೆ ಆಶ್ರಯ. ಸಂತಾನಕಾಲದಲ್ಲಿ ಗಂಡು ಒಂದು ಗೊತ್ತಾದ ದಿಬ್ಬದ ಮೇಲೆ ನಿಂತು, ಕೊರಳಿನ ಚೀಲವನ್ನು ಉಬ್ಬಿಸಿ, ದೂರಕ್ಕೆ ಕೇಳುವ ಗಂಭೀರ ಧ್ವನಿಯಿಂದ ಹೆಣ್ಣನ್ನು ಕರೆಯುತ್ತದೆ.

ಬಯಲಿನಲ್ಲಿ ಬಾಳುವ ಈ ಹಕ್ಕಿಯು ಕಾಲ್ನಡೆಯ ಮನುಷ್ಯನನ್ನು ಬಹು ದೂರದಿಂದಲೇ ಗುರುತಿಸಿ ಸರಿದುಬಿಡುತ್ತಿತ್ತು. ಆದರೆ ಹೊಲಗಳಿಗೆ ನಿತ್ಯವೂ ಬಂದುಹೋಗುವ ಚಕ್ಕಡಿಗೆ ಅದು ಹೆದರುತ್ತಿರಲಿಲ್ಲ. ಇದನ್ನರಿತ ಶಿಕಾರಿಯವರು ಚಕ್ಕಡಿಯನ್ನೇ ಚಲಿಸುವ ಮರೆಯನ್ನಾಗಿ ಮಾಡಿಕೊಂಡರು. ಪಾರ್ಧಿ ಜನರಲ್ಲಿ ಕೆಲವರು ಪಳಗಿಸಿದ ಹಸುವಿನ ಮಗ್ಗುಲಲ್ಲಿ ಅಡಗಿ, ಅದರ ಹೆಜ್ಜೆಗೆ ಹೆಜ್ಜೆ ಸೇರಿಸಿ, ಹಕ್ಕಿಗಳನ್ನು ಸಮೀಪಿಸುತ್ತಿದ್ದರು. ಅವರದು ಹೊಟ್ಟೆಪಾಡು. ಬಂದೂಕಿನ ವಿನೋದವು ಬೇರೆಯೇ ಪ್ರಮಾಣದ್ದು. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಶಿಕಾರಿಯು 1809ರಿಂದ 1829ರವರೆಗೆ, ಅಂದಿನ ಅಹಮದ್‌ನಗರ ಜಿಲ್ಲೆಯಲ್ಲಿ, 961 ಎರೆಭೂತಗಳನ್ನು ಹೊಡೆದನು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಮ್ಯಾನ್ಸ್‌ಫೀಲ್ಡನ ಸರಾಸರಿ ವರ್ಷಕ್ಕೆ ಸುಮಾರು 48 ಹಕ್ಕಿ. ಟರ್ಕಿಯ ಹೇಂಟೆ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆಗಳನ್ನಿಡುತ್ತದೆ. ಎರೆಭೂತದ ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. ಅಂದಮೇಲೆ ಆ 48 ಹಕ್ಕಿಗಳ ಸ್ಥಾನವನ್ನು ತುಂಬಬೇಕಾದರೆ 48 ತಾಯಿಹಕ್ಕಿಗಳ ಮೊಟ್ಟೆಗಳು ಒಂದೂ ಕೆಡದೆ ಮರಿಯಾಗಿ, ಮರಿಗಳೆಲ್ಲವೂ ಬೆಳೆದು ದೊಡ್ಡವಾಗಬೇಕು. ನರಿ, ನಾಯಿ, ದನದ ಗೊರಸು ಇವುಗಳ ನಡುವೆ ಇದು ಎಂದಿಗೂ ಆಗದ ಮಾತು.

ಟರ್ಕಿಯೂ ಒಮ್ಮೆ ಅಳಿವಿನ ದಾರಿ ಹಿಡಿದಿತ್ತು. 20ನೆಯ ಶತಮಾನದ ಆರಂಭಕ್ಕೆ ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಅದು ಇಲ್ಲವಾಗಿತ್ತು. ಅದನ್ನು ಉಳಿಸುವುದಕ್ಕೂ ಮರೆಯೇ ನೆರವಾದುದು ಸೋಜಿಗ. 1950ರ ದಶಕದಿಂದ ಜೀವವಿಜ್ಞಾನಿಗಳು ಕಾಳು ಚೆಲ್ಲಿ, ಮರೆಯಲ್ಲಿ ಕಾದು ಕುಳಿತು, ಫಿರಂಗಿಯಂಥ ಸಾಧನದಿಂದ ಬಲೆಯನ್ನು ಹಾರಿಸಿ, ಹಿಂಡುಗಳನ್ನು ಜೀವಂತ ಹಿಡಿದು ಬರಿದಾದ ಕಾಡುಗಳಿಗೆ ಸಾಗಿಸಿದರು. ಬೇಟೆಗೂ ಮಿತಿ ಬಿತ್ತು. ಹತ್ತು ಮೊಟ್ಟೆಗಳ ಸಂತಾನಶಕ್ತಿ ಉಳಿದ ಕೆಲಸವನ್ನು ಮಾಡಿತು. ಇಂದು ಅಲ್ಲಿ ಟರ್ಕಿಗಳ ಸಂಖ್ಯೆ ಹಲವು ದಶಲಕ್ಷ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಎರೆಭೂತದ ಬೇಟೆಯನ್ನು ನಿಷೇಧಿಸಿತು. 1974ರಲ್ಲಿ ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರುಗಳ ಕೃಷ್ಣಮೃಗ ಅಭಯಾರಣ್ಯ ಸ್ಥಾಪಿತವಾಯಿತು. ಆದರೆ ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ಸಸಿಗಳನ್ನು ನೆಡಲಾಗಿತ್ತು. ಸಸಿಗಳು ಗಿಡ್ಡವಾಗಿರುವಷ್ಟು ಕಾಲ ಅವು ಹಕ್ಕಿಗೆ ಮರೆಯಾದವು. ಮರಗಳಾಗಿ ಬೆಳೆದ ಮೇಲೆ ಅದರ ದೃಷ್ಟಿಗೇ ಅಡ್ಡಗೋಡೆಗಳಾದವು. ಬಯಲನ್ನೇ ನಂಬಿದ ಹಕ್ಕಿಗೆ ಅಲ್ಲಿ ಎಡೆ ಉಳಿಯಲಿಲ್ಲ. ಈಗ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಇಡೀ ದೇಶದ ಕಾಡುಮೇಡುಗಳಲ್ಲಿ ಇರುವವು 150ಕ್ಕಿಂತ ಹೆಚ್ಚಿರಲಾರವು. ನೇರ ಮುಂದಿನ ದೃಷ್ಟಿ ಕಿರಿದಾದ ಈ ಭಾರದ ಹಕ್ಕಿಗೆ ವಿದ್ಯುತ್ ತಂತಿಗಳು ಹೊಸ ಮೃತ್ಯು. 2019ರಿಂದ ರಾಜಸ್ಥಾನದ ಜೈಸಲ್ಮೇರ್ ಪ್ರದೇಶದಲ್ಲಿ ಅದರ ಮೊಟ್ಟೆಗಳನ್ನು ಕಾವುಪೆಟ್ಟಿಗೆಗಳಲ್ಲಿಟ್ಟು ಮರಿಗಳನ್ನು ಬೆಳೆಸುವ ಪ್ರಯತ್ನ ನಡೆದಿದೆ.

ಅಪರೂಪದ ಹಕ್ಕಿಯ ಗೂಡಿನ ಬಳಿಗೆ ನಾವು ಸುಳಿಯಕೂಡದು. ಆದರೆ ಊರ ಕೆರೆಯ ದಂಡೆಯಲ್ಲಿ, ಹಿರಿಯರ ಒಪ್ಪಿಗೆ ಪಡೆದು, ನಾಲ್ಕು ಕೋಲು ಮತ್ತು ಹಳೆಯ ಗೋಣಿತಾಟುಗಳಿಂದ ಒಂದು ಮರೆಯನ್ನು ವಿದ್ಯಾರ್ಥಿಗಳೂ ಕಟ್ಟಬಹುದು. ಬೆನ್ನಿನ ಕಡೆಯಿಂದ ಬೆಳಕು ಬಾರದಂತೆ ಮುಚ್ಚಿ, ಮುಂದೆ ಒಂದು ಸಣ್ಣ ಕಿಂಡಿಯನ್ನು ಮಾತ್ರ ಬಿಡಿರಿ. ಎರಡು ಮೂರು ದಿನ ಅದನ್ನು ಬರಿದಾಗಿಯೇ ಬಿಟ್ಟು, ಬಳಿಕ ನಸುಕಿನಲ್ಲಿ ಒಳಹೊಕ್ಕು ಕುಳಿತುಕೊಳ್ಳಿರಿ. ಬಂದ ಹಕ್ಕಿ ಯಾವುದು, ಎಷ್ಟು, ಏನನ್ನು ತಿಂದಿತು, ಏತಕ್ಕೆ ಬೆದರಿತು ಎಂಬುದನ್ನು ದಿನಾಂಕದೊಡನೆ ಬರೆದಿಡಿರಿ. ರಾಣೆಬೆನ್ನೂರಿನ ಬಯಲಿನಲ್ಲಿ ಎರೆಭೂತವು ವಿರಳವಾಗುತ್ತಿದ್ದ ಕಾಲದಲ್ಲಿ ಅದನ್ನು ಗುರಿಯಿಟ್ಟು ನೋಡಿದವರು ಹಲವರು. ಹೀಗೆ ವರ್ಷ ವರ್ಷವೂ ಎಣಿಸಿ ಬರೆದಿಟ್ಟವರು ತೀರ ಕೆಲವರು.