ಕಣ್ಣಿಗೆ ಕಂಡರೂ ಸಿಗದ ದೇವಸುಗೂರು

ರಾಯಚೂರು ತಾಲ್ಲೂಕಿನ ಊರು, ದೇವಸುಗೂರು. ಫೈಲ್‌ನಲ್ಲಿ ಹೆಸರು ಕಾಣುತ್ತಿದೆ, ಹುಡುಕಿದರೆ ಸಿಗುತ್ತಿಲ್ಲ. ಯಾಕೆ?

ಯೂನಿಕೋಡ್‌ನಲ್ಲಿ ‘ದೇ’ ಎರಡು ಬಗೆಯಲ್ಲಿ ಕೂರಬಹುದು: ಏತ್ವ ಮತ್ತು ದೀರ್ಘ ಸೇರಿ ಒಂದೇ ಸಂಕೇತ, ಇಲ್ಲವೇ ಎರಡು ಬಿಡಿ ಸಂಕೇತ. ನೋಡಲು ಒಂದೇ. ಆದರೆ ಈ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಇಡೀ ಹೆಸರು ಒಮ್ಮೆ 27 ಬೈಟ್, ಇನ್ನೊಮ್ಮೆ 30. ಹಾಗಾಗಿ ಮೊದಲು ಪಠ್ಯವನ್ನೆಲ್ಲ ಒಂದೇ ರೂಪಕ್ಕೆ ತನ್ನಿ.

ಇನ್ನು ವೇಗ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತದ ಮೊದಲ ಬೈಟ್ ಒಂದೇ. ಅದನ್ನೇ ಹುಡುಕಿದರೆ ಅಕ್ಷರ ಅಕ್ಷರಕ್ಕೂ ನಿಲ್ಲಬೇಕು. 1977ರ ಬೋಯರ್–ಮೂರ್ ವಿಧಾನ ಪದವನ್ನು ಕೊನೆಯಿಂದ ಹೋಲಿಸುತ್ತದೆ. ಹೊಂದದಿದ್ದರೆ ಹಲವು ಬೈಟ್ ಒಟ್ಟಿಗೆ ದಾಟುತ್ತದೆ.

ಬೈಟ್ ಹುಡುಕಾಟಕ್ಕೆ ಕೊನೆಯ ಕೊಂಬು ಬಿಟ್ಟು ‘ದೇವಸುಗೂರ’ ಎಂದಷ್ಟೇ ಕೊಡಿ. ದೇವಸುಗೂರಿಗೆ, ದೇವಸುಗೂರಿನಲ್ಲಿ, ಎಲ್ಲವೂ ಸಿಗುತ್ತವೆ.

ನಿಮ್ಮ ಊರಿನ ಹೆಸರನ್ನೂ ಇವತ್ತೇ ಹುಡುಕಿ ನೋಡಿ.