ಒಂದು ಕೋಳಿ ಹೋದ ಮೇಲೆ

ಹಿತ್ತಲಿನ ಐದು ಹೇಂಟೆಗಳಲ್ಲಿ ಒಂದನ್ನು ಮುಂಗುಸಿ ಎಳೆದೊಯ್ದಿತು ಅನ್ನಿ. ಮರುದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಕಾಳು ಎರಚುವಾಗ ಸ್ವಲ್ಪ ನಿಂತು ನೋಡಿ. ನಿನ್ನೆಯವರೆಗೆ ಹಿಂದೆ ಉಳಿದು, ಮಿಕ್ಕಿದ್ದನ್ನು ಹೆಕ್ಕುತ್ತಿದ್ದ ಕೋಳಿ ಇಂದು ಮುಂದೆ ನುಗ್ಗಿರಬಹುದು. ಇಲ್ಲವೇ, ಯಾರ ತಂಟೆಗೂ ಹೋಗದೆ ತನ್ನ ಪಾಡಿಗಿದ್ದ ಇನ್ನೊಂದರ ತಲೆಯ ಪುಕ್ಕ ಕಿತ್ತುಹೋಗಿರಬಹುದು. ಏನಾಗುತ್ತದೆ ಎಂಬುದು ಹೋದ ಕೋಳಿ ಯಾವುದು ಎನ್ನುವುದರ ಮೇಲಿದೆ.

ಕೋಳಿಗಳ ಗುಂಪಿನಲ್ಲಿ ಒಂದು ಮೇಲು, ಒಂದು ಕೀಳು ಎಂಬುದುಂಟು. ಈ ಮೇಲು-ಕೀಳನ್ನು ಮೊದಲು ಶಾಸ್ತ್ರೀಯವಾಗಿ ದಾಖಲಿಸಿದವರು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ. ಹುಡುಗನಾಗಿದ್ದಾಗಲೇ ಅವರಿಗೆ ಕೋಳಿಗಳ ಹುಚ್ಚು. ಯಾವುದು ಯಾವುದನ್ನು ಕುಕ್ಕಿತು ಎಂದು ಬರೆದಿಟ್ಟುಕೊಳ್ಳುತ್ತ ಬೆಳೆದವರು, 1922ರಲ್ಲಿ ಜರ್ಮನ್ ಭಾಷೆಯಲ್ಲಿ ಅದನ್ನೇ ಪ್ರಬಂಧವಾಗಿ ಪ್ರಕಟಿಸಿದರು. ಎರಡು ಕೋಳಿ ಎದುರುಬದುರಾದರೆ ಯಾವುದೋ ಒಂದು ಮೇಲು. ಮೊದಲ ಒಂದೆರಡು ಜಗಳದಲ್ಲೇ ಅದು ತೀರ್ಮಾನವಾಗಿಬಿಡುತ್ತದೆ. ಆಮೇಲೆ ಹೊಡೆದಾಟ ಬೇಕಿಲ್ಲ, ಮೇಲಿನದು ಕತ್ತೆತ್ತಿ ನೋಡಿದರೆ ಕೆಳಗಿನದು ದಾರಿ ಬಿಡುತ್ತದೆ. ಕ್ರೂರವೆಂದು ನಮಗೆ ಕಾಣುವ ಈ ಏರ್ಪಾಟೇ ದಿನದಿನದ ರಕ್ತಪಾತವನ್ನು ತಪ್ಪಿಸುತ್ತದೆ. ಸ್ವಾರಸ್ಯವೆಂದರೆ, ಇದು ಯಾವಾಗಲೂ ನೇರ ಏಣಿಯಾಗಿರುವುದಿಲ್ಲ. ಕರಿ ಕೋಳಿ ಕೆಂದೆಯನ್ನು ಕುಕ್ಕುತ್ತದೆ, ಕೆಂದೆ ಬಿಳಿಯದನ್ನು, ಬಿಳಿಯದು ತಿರುಗಿ ಕರಿಯದನ್ನೇ. ಇಂಥ ತ್ರಿಕೋನಗಳನ್ನೂ ಎಬ್ಬೆ ಗುರುತಿಸಿದ್ದರು.

ಅಂದರೆ ಕೋಳಿ ಲೆಕ್ಕ ಇಡುವುದು ಜೋಡಿ ಜೋಡಿಯಾಗಿ. ಐದು ಕೋಳಿಗಳಿದ್ದಲ್ಲಿ ಹತ್ತು ಜೋಡಿ ಸಂಬಂಧಗಳಿರುತ್ತವೆ. ಒಂದು ಹೋದರೆ ನಾಲ್ಕು ಸಂಬಂಧ ಕಡಿದು ಆರು ಉಳಿಯುತ್ತವೆ. ಉಳಿದ ಆರು ಮೊದಲೇ ತೀರ್ಮಾನವಾದವು, ಆದ್ದರಿಂದ ಸಾಮಾನ್ಯವಾಗಿ ದೊಡ್ಡ ಗಲಾಟೆ ಆಗುವುದಿಲ್ಲ. ಯಜಮಾನಿ ಸತ್ತರೆ ಎರಡನೆಯದು ಸಲೀಸಾಗಿ ಆ ಜಾಗಕ್ಕೆ ಬರುತ್ತದೆ. ಎಲ್ಲಕ್ಕಿಂತ ಕೆಳಗಿನದು ಸತ್ತಾಗಲೇ ನೋಡಿಕೊಳ್ಳಬೇಕಾದದ್ದು, ಏಕೆಂದರೆ ಅದರ ಪಾಲಿನ ಏಟು ಈಗ ಅದರ ಮೇಲಿನದಕ್ಕೆ ಬೀಳುತ್ತದೆ. ಕಾಳು-ನೀರನ್ನು ಒಂದೇ ಕಡೆ ಇಡದೆ, ಒಂದು ಇನ್ನೊಂದಕ್ಕೆ ಕಾಣದಂತೆ ಎರಡು ಕಡೆ ಇಟ್ಟರೆ ಅದಕ್ಕೂ ಹೊಟ್ಟೆ ತುಂಬುತ್ತದೆ. ಗಾಯವಾಗಿ ರಕ್ತ ಕಂಡರೆ ಮಾತ್ರ ಕೂಡಲೇ ಬೇರೆ ಮಾಡಿ. ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಯ ಸ್ವಭಾವ, ಕುಕ್ಕಿ ಕುಕ್ಕಿ ಕೊಂದೇಬಿಡುತ್ತವೆ.

ಸತ್ತ ಗೆಳತಿಗಾಗಿ ಕೋಳಿ ದುಃಖಿಸುತ್ತದೆಯೇ? ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮರಿಗಳ ಮೇಲೆ ಗಾಳಿ ಊದಿ ಅವನ್ನು ತುಸು ಬೆದರಿಸಿದಾಗ, ನೋಡುತ್ತಿದ್ದ ತಾಯಿಯ ಎದೆಬಡಿತ ಏರಿತು, ಕಣ್ಣಿನ ಉಷ್ಣತೆ ಇಳಿಯಿತು, ಗರಿ ಸವರಿಕೊಳ್ಳುವುದನ್ನು ಬಿಟ್ಟು ಅದು ಮರಿಗಳನ್ನು ಕರೆಯತೊಡಗಿತು. ಇನ್ನೊಂದರ ಸಂಕಟ ಕೋಳಿಯನ್ನು ತಟ್ಟುತ್ತದೆ ಎನ್ನುವುದಕ್ಕೆ ಇಷ್ಟು ಸಾಕು. ಶೋಕ ಎಂದು ಹೆಸರಿಡಲು ಸಾಲದು. ಆದರೆ ಎರಡರಲ್ಲಿ ಒಂದು ಸತ್ತು ಒಂದೇ ಉಳಿದರೆ ಅದು ಕೂಗುತ್ತ ಅಲೆಯುವುದು, ಮೇವು ಬಿಡುವುದು, ಮೊಟ್ಟೆ ನಿಲ್ಲಿಸುವುದು ಉಂಟು. ಕಾಡಿನಲ್ಲಿ ಗುಂಪುಕಟ್ಟಿ ಬದುಕುವ ಕೆಂಪು ಕಾಡುಕೋಳಿಯ ವಂಶದ್ದು ಅದು. ಒಂಟಿತನ ಎಂದರೆ ಅದಕ್ಕೆ ಅಪಾಯ ಎಂದೇ ಅರ್ಥ.

ಸತ್ತದ್ದು ಹುಂಜವಾದರೆ ಒಂದು ಅವಕಾಶ ಇದೆ, ಬಹಳ ಜನ ಅದನ್ನು ಕಳೆದುಕೊಳ್ಳುತ್ತಾರೆ. ಹೇಂಟೆಯ ಅಂಡನಾಳದಲ್ಲಿ ವೀರ್ಯಾಣುಗಳನ್ನು ಕೂಡಿಡುವ ಸೂಕ್ಷ್ಮ ನಳಿಕೆಗಳಿವೆ. ಹುಂಜ ಹೋಗಿ ಒಂದು ವಾರದವರೆಗೆ ಇಟ್ಟ ಮೊಟ್ಟೆಗಳಲ್ಲಿ ಹೆಚ್ಚಿನವು ಮರಿಯಾಗಬಲ್ಲವು. ಆಮೇಲೆ ಕಡಿಮೆಯಾಗುತ್ತ ಹೋಗಿ ಎರಡು-ಮೂರು ವಾರಕ್ಕೆ ಮುಗಿಯುತ್ತದೆ. ಒಳ್ಳೆಯ ಹುಂಜವಾಗಿದ್ದರೆ ಆ ವಾರದ ಮೊಟ್ಟೆಗಳನ್ನು ಸಾರಿಗೆ ಹಾಕದೆ ತಂಪಾದ ಜಾಗದಲ್ಲಿ ತೆಗೆದಿಡಿ.

ಇಷ್ಟೆಲ್ಲ ಮುಂಗುಸಿಯೋ ನಾಯಿಯೋ ಹಿಡಿದ ಮಾತಾಯಿತು. ಕಾರಣವೇ ಕಾಣದೆ ಸತ್ತಿದ್ದರೆ ದಾರಿ ಬೇರೆ. ಹಸಿರು ಬಣ್ಣದ ಹಿಕ್ಕೆ, ಬಾಯಿ ತೆರೆದು ಎಳೆಯುವ ಉಸಿರು, ತಿರುಚಿಕೊಂಡ ಕತ್ತು ಕಂಡಿದ್ದರೆ ಕೊಕ್ಕರೆ ರೋಗದ ಗುಮಾನಿ ಬರಬೇಕು. ಪಶುವೈದ್ಯರು ರಾಣಿಖೇತ್ ಎನ್ನುವುದು ಇದನ್ನೇ. ಇದಕ್ಕೆ ಔಷಧವಿಲ್ಲ, ಲಸಿಕೆಯಿದೆ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು. ತೊಡಕಿರುವುದು ಸೀಸೆಯಲ್ಲಿ. ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು ಒಂದೇ ಸೀಸೆಯಲ್ಲಿರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಐದು ಕೋಳಿಯ ಮನೆಯವರು ಕೇರಿಯವರನ್ನೆಲ್ಲ ಒಟ್ಟು ಸೇರಿಸದೆ ಇದು ಆಗದ ಕೆಲಸ. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯದೆ, ನಾಯಿ ಕೆದಕದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಿ. ಒಂದರ ಹಿಂದೆ ಒಂದು ಸಾಯತೊಡಗಿದರೆ ಪಶು ಆಸ್ಪತ್ರೆಗೆ ತಿಳಿಸಲೇಬೇಕು.

ಹೋದದ್ದರ ಬದಲಿಗೆ ಸಂತೆಯಿಂದ ಒಂದನ್ನು ತರೋಣ ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ನನ್ನ ಮಟ್ಟಿಗೆ ಅದು ಕೊನೆಯ ಯೋಚನೆಯಾಗಿರಬೇಕು. ಸಂತೆಯ ಕೋಳಿ ಹತ್ತೂರಿನ ಕೋಳಿಗಳ ಜೊತೆ ಉಸಿರಾಡಿ ಬಂದದ್ದು. ನೋಡಲು ಗಟ್ಟಿಮುಟ್ಟಾಗಿದ್ದರೂ ರೋಗ ಹೊತ್ತಿರಬಹುದು, ಹದಿನೈದು ದಿನವಾದರೂ ದೂರದ ಗೂಡಿನಲ್ಲಿಟ್ಟು ನೋಡಬೇಕು. ಆಮೇಲೆ ಜಗಳದ ಸರದಿ. ಕೋಳಿಗಳು ಪರಸ್ಪರ ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ. ಗುಂಪಿನದೇ ಕೋಳಿಯ ಜುಟ್ಟಿನ ರೂಪ ಬದಲಿಸಿಬಿಟ್ಟರೆ ಉಳಿದವು ಅದನ್ನು ಪರಕೀಯವೆಂದು ಮುತ್ತುವುದುಂಟು. ಇನ್ನು ನಿಜವಾದ ಪರಕೀಯದ ಗತಿ ಕೇಳಬೇಕೆ? ನಾಲ್ಕರ ಗುಂಪಿಗೆ ಒಂದನ್ನು ಬಿಟ್ಟರೆ ನಾಲ್ಕು ಹೊಸ ತೀರ್ಮಾನಗಳು, ನಾಲ್ಕರ ಏಟೂ ಅದೊಂದಕ್ಕೇ. ಎರಡನ್ನು ತಂದರೆ ಏಟು ಹಂಚಿಹೋಗುತ್ತದೆ. ನಡುವೆ ಜಾಲರಿ ಕಟ್ಟಿ ವಾರವಿಡೀ ಪರಸ್ಪರ ಕಾಣುವಂತೆ ಇಡುವುದೂ ನೆರವಾಗುತ್ತದೆ. ಕೋಳಿಗೆ ಇರುಳಲ್ಲಿ ಕಣ್ಣು ಕಾಣದು ಎಂದು ಕತ್ತಲಲ್ಲಿ ಗೂಡಿಗೆ ಸೇರಿಸುತ್ತಾರೆ. ಆ ರಾತ್ರಿಯ ಮಟ್ಟಿಗೆ ಅದು ಸರಿ, ಬೆಳಗಾದ ಮೇಲೆ ಲೆಕ್ಕಾಚಾರ ನಡೆದೇ ನಡೆಯುತ್ತದೆ.

ಅದಕ್ಕಿಂತ ನಮ್ಮ ಹಳ್ಳಿಗಳ ಹಳೆಯ ದಾರಿಯೇ ವಾಸಿ: ನಾಟಿ ಹೇಂಟೆಯನ್ನು ಕಾವಿಗೆ ಕೂರಿಸುವುದು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದಾಗ ಅದು ಮೊಟ್ಟೆ ನಿಲ್ಲಿಸಿ, ಎದೆಯ ಪುಕ್ಕ ಉದುರಿಸಿ, ಬರಿಮೈ ತಾಗಿಸಿ 21 ದಿನ ಕೂರುತ್ತದೆ. ಹೆಚ್ಚು ಮೊಟ್ಟೆಗಾಗಿ ಬೆಳೆಸಿದ ತಳಿಗಳಲ್ಲಿ ಈ ಗುಣವನ್ನೇ ಆರಿಸಿ ಆರಿಸಿ ಕಳೆಯಲಾಗಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ ತಳಿಯನ್ನು ಸಾಕಿದವರೂ ಮರಿ ಮಾಡಿಸಲು ನಾಟಿ ಹೇಂಟೆಯ ಮೊರೆ ಹೋಗುವುದು ಅದಕ್ಕೇ. ಹುಂಜವೇ ಇಲ್ಲದ ಮನೆಯಲ್ಲಿ ಬೇರೆಡೆಯ ಮೊಟ್ಟೆ ಇಡಬಹುದು. ಎರಡು-ಮೂರು ವಾರ ಕಾವು ಕೂತ ಹೇಂಟೆಯ ಹೊಟ್ಟೆಯಡಿಗೆ ರಾತ್ರಿ ಹೊತ್ತು ಒಂದೆರಡು ದಿನದ ಮರಿಗಳನ್ನು ಮೆಲ್ಲಗೆ ತಳ್ಳಿದರೂ ಬಹುಪಾಲು ಒಪ್ಪಿಕೊಳ್ಳುತ್ತದೆ.

ಗುಂಪಿಗೆ ಸೇರಿಸುವ ಕೆಲಸವನ್ನು ಮುಂದೆ ತಾಯಿಯೇ ಮಾಡುತ್ತದೆ. ಮರಿಗಳೊಂದಿಗೆ ಹೊರಬಿದ್ದ ಹೇಂಟೆ ಮೈಯೆಲ್ಲ ಉಬ್ಬಿಸಿಕೊಂಡು, ತನಗಿಂತ ಮೇಲಿನ ಯಜಮಾನಿಯ ಮೇಲೂ ಏರಿಹೋಗುತ್ತದೆ. ಆ ರಕ್ಷಣೆಯಲ್ಲಿ ಮರಿಗಳು ಹಿತ್ತಲೆಲ್ಲ ಓಡಾಡಿ, ಯಾರಿಂದ ಎಷ್ಟು ದೂರ ನಿಲ್ಲಬೇಕೆಂದು ಸಣ್ಣಪುಟ್ಟ ಕುಕ್ಕು ತಿಂದು ಕಲಿಯುತ್ತವೆ. ಆರೆಂಟು ವಾರಕ್ಕೆ ಅವುಗಳದ್ದೇ ಮೇಲು-ಕೀಳು ಶುರುವಾಗುತ್ತದೆ. ಸರಿಸುಮಾರು ಅದೇ ಹೊತ್ತಿಗೆ ತಾಯಿ ಅವನ್ನು ಕುಕ್ಕಿ ದೂರ ಅಟ್ಟುತ್ತದೆ, ಅಷ್ಟರಲ್ಲಿ ಗುಂಪಿಗೆ ಅವು ಹೊಸಬರಾಗಿ ಉಳಿದಿರುವುದಿಲ್ಲ. ಒಂದೇ ತೊಂದರೆ, ಮರಿಗಳಲ್ಲಿ ಅರ್ಧದಷ್ಟು ಹುಂಜಗಳು. ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಉಳಿದವನ್ನು ಕೂಗು ಕಲಿಯುವ ಹೊತ್ತಿಗೆ ಬೇರೆ ಮಾಡಬೇಕು. ಉಳಿಸಿಕೊಂಡದ್ದು ಒಡಹುಟ್ಟಿದ ಹೇಂಟೆಗಳ ಜೊತೆಗೇ ಕೂಡಿದರೆ ತಲೆಮಾರಿನಿಂದ ತಲೆಮಾರಿಗೆ ಮರಿಗಳು ಸೊರಗುತ್ತವೆ. ಆದ್ದರಿಂದ ಪಕ್ಕದ ಊರಿನ ನೆಂಟರ ಮನೆಗೆ ಕೊಟ್ಟು ಅವರ ಹುಂಜವನ್ನು ತರುವುದು ಒಳ್ಳೆಯದು. ನೆಂಟರ ಮನೆಯದಾದರೂ ಅದಕ್ಕೆ ಹದಿನೈದು ದಿನದ ಬೇರೆ ಗೂಡು ತಪ್ಪದು.