ಕೃತಕ ಸೂರ್ಯನಿಗೂ ರಿಪೇರಿ ತಪ್ಪಿದ್ದಲ್ಲ

ಆರನೇ ಸೆಮಿಸ್ಟರ್‌ನಲ್ಲಿ ನಮ್ಮ ಎಲೆಕ್ಟ್ರಿಕಲ್ ವಿಭಾಗದ ಎಲ್ಲರೂ ಒಂದೊಂದು ಸೆಮಿನಾರ್ ಕೊಡಬೇಕು. ಗೆಳೆಯರು ಸೋಲಾರ್, ಸ್ಮಾರ್ಟ್ ಗ್ರಿಡ್, ಎಲೆಕ್ಟ್ರಿಕ್ ವಾಹನ ಅಂತ ಹಂಚಿಕೊಂಡರು. ಎಲ್ಲರಿಗಿಂತ ದೊಡ್ಡದಾಗಿ ಕೇಳಿಸುವ ವಿಷಯ ಬೇಕೆಂದು ನಾನು ‘ಭೂಮಿಯ ಮೇಲೆ ಕೃತಕ ಸೂರ್ಯ’ ಎಂದು ಬರೆದುಕೊಟ್ಟೆ. ಅಂದರೆ ಪರಮಾಣು ಸಮ್ಮಿಲನ, ಫ್ಯೂಷನ್. ನಿಜ ಹೇಳಬೇಕೆಂದರೆ, ಆ ಹೆಸರಿನ ಗತ್ತು ಬಿಟ್ಟರೆ ಅದರ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಅದೇ ವಾರ ಪ್ಲೇಸ್‌ಮೆಂಟ್ ತಯಾರಿಗೆಂದು ಅಣಕು ಸಂದರ್ಶನವೂ ಇತ್ತು. ‘ತಂದೆ ಏನು ಮಾಡುತ್ತಾರೆ?’ ಎಂದು ಕೇಳಿದಾಗ ‘ಬಿಸಿನೆಸ್’ ಎಂದುಬಿಟ್ಟೆ. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ತೆಂಗಿನ ತೋಟದವರು ಸುಟ್ಟ ಪಂಪ್‌ಸೆಟ್ ಮೋಟಾರ್ ಹೊತ್ತು ತರುತ್ತಾರೆ. ಅಪ್ಪ ಕರಕಲಾದ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತಾರೆ. ಕೈಯಲ್ಲಿ ಯಾವಾಗಲೂ ಗ್ರೀಸು, ಮೈಯಲ್ಲಿ ವಾರ್ನಿಷ್ ವಾಸನೆ. ‘ನೀನು ಓದಿ ಎಂಜಿನಿಯರ್ ಆಗು, ಈ ರಿಪೇರಿ ಕೆಲಸ ನನ್ನ ಕಾಲಕ್ಕೇ ಮುಗೀಲಿ’ ಎನ್ನುವುದು ಅವರ ಮಾತು. ನಾನೂ ಹಾಗೇ ನಂಬಿದ್ದೆ. ಹೊಸದನ್ನು ಮಾಡುವವನು ಎಂಜಿನಿಯರ್, ಹಳೆಯದನ್ನು ಸರಿಮಾಡುವವನು ಮೆಕ್ಯಾನಿಕ್.

ಸೆಮಿನಾರಿಗೆಂದು ಓದತೊಡಗಿದಾಗ ಈ ನಂಬಿಕೆ ಅಲುಗಾಡಿತು.

ವಿಷಯ ಕೇಳಲು ಸರಳ. ಹೈಡ್ರೋಜನ್‌ನ ಎರಡು ರೂಪಗಳಾದ ಡ್ಯುಟೀರಿಯಂ ಮತ್ತು ಟ್ರಿಟಿಯಂ ಬೆಸೆದರೆ ಹೀಲಿಯಂ ಹುಟ್ಟುತ್ತದೆ, ಜೊತೆಗೆ ಅಪಾರ ಶಕ್ತಿ. ಆದರೆ ಅವು ಬೆಸೆಯಲು 10ರಿಂದ 15 ಕೋಟಿ ಡಿಗ್ರಿ ಶಾಖ ಬೇಕು. ಸೂರ್ಯನ ಒಡಲಿನ ಶಾಖವೇ ಸುಮಾರು ಒಂದೂವರೆ ಕೋಟಿ ಡಿಗ್ರಿ. ಅಷ್ಟು ಕಾದ ಅನಿಲ ಪ್ಲಾಸ್ಮಾ ಆಗಿರುತ್ತದೆ. ಅದನ್ನು ಯಾವ ಪಾತ್ರೆಯಲ್ಲಿಡುವುದು? ಅದಕ್ಕೆ ಉದ್ದಿನ ವಡೆಯ ಆಕಾರದ ಪೊಳ್ಳು ಕೊಳವೆ ಮಾಡಿ, ಸುತ್ತಲೂ ಕಾಯಿಲ್ ಜೋಡಿಸಿ, ಕಾಂತಕ್ಷೇತ್ರದಿಂದ ಪ್ಲಾಸ್ಮಾವನ್ನು ಗೋಡೆಗೆ ತಾಗದಂತೆ ಹಿಡಿದಿಡುತ್ತಾರೆ. ಈ ಯಂತ್ರದ ಹೆಸರು ಟೋಕಮಾಕ್. ಎಷ್ಟೇ ದೊಡ್ಡ ಹೆಸರಿದ್ದರೂ ಅದರ ಜೀವ ಇರುವುದು ಕಾಯಿಲ್‌ಗಳಲ್ಲಿ.

ಪ್ರಿನ್ಸ್‌ಟನ್‌ನಲ್ಲಿ ಶಾರ್ಟ್ ಆದ ಕಾಯಿಲ್

ಅಮೆರಿಕದ ನ್ಯೂಜೆರ್ಸಿಯಲ್ಲಿ ಪ್ರಿನ್ಸ್‌ಟನ್ ಪ್ಲಾಸ್ಮಾ ಭೌತವಿಜ್ಞಾನ ಪ್ರಯೋಗಾಲಯವಿದೆ. 1951ರಲ್ಲಿ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್ ಅಲ್ಲಿ ಈ ಸಂಶೋಧನೆಗೆ ಅಡಿಪಾಯ ಹಾಕಿದರು. ಅಲ್ಲಿನ ಎನ್‌ಎಸ್‌ಟಿಎಕ್ಸ್ ಎಂಬ ಯಂತ್ರವನ್ನು 9.4 ಕೋಟಿ ಡಾಲರ್ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿದರು. ಕಾಂತಕ್ಷೇತ್ರ ದುಪ್ಪಟ್ಟು, ಪ್ಲಾಸ್ಮಾದಲ್ಲಿ ಹರಿಯುವ ವಿದ್ಯುತ್ತೂ ದುಪ್ಪಟ್ಟು ಎನ್ನುವುದು ಗುರಿ. 2016ರಲ್ಲಿ ಪ್ರಯೋಗ ಶುರುವಾಗಿ ಸುಮಾರು ಹತ್ತು ವಾರ ಓಡಿತು. ಆಮೇಲೆ ನಿಂತಿತು. ಕಾರಣ, ಒಂದು ತಾಮ್ರದ ಕಾಯಿಲ್‌ನಲ್ಲಿ ಸುತ್ತು–ಸುತ್ತಿನ ನಡುವೆ ಶಾರ್ಟ್.

ಇದನ್ನು ಓದಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಫ್ಯೂಷನ್, ಪ್ಲಾಸ್ಮಾ ಎಲ್ಲ ಹೇಳಿದಾಗ ‘ಹೂಂ, ಹೂಂ’ ಅನ್ನುತ್ತಿದ್ದರು. ಶಾರ್ಟ್ ಎಂದೊಡನೆ ದನಿ ಬದಲಾಯಿತು.

‘ಟರ್ನ್ ಶಾರ್ಟಾ? ಅದನ್ನ ಮೆಗ್ಗರ್ ಹೇಳಲ್ಲ ಕಣೋ. ಬಾಡಿಗೆ ತಾಗಿದ್ರೆ ತಾನೆ ಅದು ತೋರಿಸೋದು? ಒಳಗೊಳಗೇ ಆಗಿರುತ್ತೆ. ಸರಿ, ಉಳಿದ ಕಾಯಿಲ್‌ ಬಿಚ್ಚಿ ನೋಡಿದ್ರಾ?’

‘ಕೆಟ್ಟಿದ್ದು ಒಂದೇ ಅಪ್ಪಾ.’

‘ಒಂದೇ ಥರ ಸುತ್ತಿದ್ದಲ್ವಾ? ಒಂದು ಹೋದ್ರೆ ಬೇರೆವೂ ಅನುಮಾನವೇ. ಅದೊಂದನ್ನೇ ಹಾಕಿಕೊಟ್ರೆ ಆರು ತಿಂಗಳಿಗೆ ಮತ್ತೆ ಹೊತ್ಕೊಂಡು ಬರ್ತಾರೆ.’

ಮರುದಿನ ಮುಂದಕ್ಕೆ ಓದಿದೆ. ಅಲ್ಲಿನ ಎಂಜಿನಿಯರ್‌ಗಳೂ ಕೆಟ್ಟ ಕಾಯಿಲ್ ಒಂದನ್ನೇ ಬದಲಿಸಿ ಸುಮ್ಮನಾಗಲಿಲ್ಲ. ಹೊರಗಿನ ತಜ್ಞರನ್ನು ಕರೆಸಿ ಇಡೀ ಯಂತ್ರದ ವಿನ್ಯಾಸ, ತಯಾರಿಕೆ, ಸುರಕ್ಷತೆಗಳನ್ನು ಮೊದಲಿನಿಂದ ಪರಿಶೀಲಿಸಿದರು. ಅದೇ ಬಗೆಯ ಆರು ಒಳ ಕಾಯಿಲ್‌ಗಳನ್ನೂ ಹೊಸದಾಗಿ ಮಾಡಲು ತೀರ್ಮಾನಿಸಿದರು. ಮರುನಿರ್ಮಾಣದ ಕೆಲಸ ವರ್ಷಗಟ್ಟಲೆ ಎಳೆಯಿತು. ಏಳನೇ ತರಗತಿ ಓದಿದ ಅಪ್ಪ ಫೋನಿನಲ್ಲಿ ಅರ್ಧ ನಿಮಿಷಕ್ಕೆ ಕೇಳಿದ ಪ್ರಶ್ನೆಯೇ ಅಲ್ಲಿ ದೊಡ್ಡ ಪರಿಶೀಲನೆಯಾಗಿ ಕೂತಿತ್ತು. ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

40 ವರ್ಷ ಓಡಿದ ಯಂತ್ರ

ಇನ್ನೊಂದು ಕಥೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಕಲ್ಹ್ಯಾಮ್‌ನದು. ಅಲ್ಲಿನ ‘ಜೆಟ್’ ಟೋಕಮಾಕ್ 1983ರ ಜೂನ್ 25ರಂದು ಮೊದಲ ಪ್ಲಾಸ್ಮಾ ಕಂಡಿತು. 2023ರ ಡಿಸೆಂಬರ್ 18ರಂದು ಕೊನೆಯದು. ಆ ಕೊನೆಯ ಪ್ರಯೋಗದ ಕ್ರಮಸಂಖ್ಯೆ 1,05,842. ಪ್ರತಿ ಪ್ರಯೋಗ ಸೆಕೆಂಡುಗಳ ಲೆಕ್ಕದ್ದು. ಅಷ್ಟಕ್ಕೇ ಬೇಕಾಗುವ ವಿದ್ಯುತ್ತನ್ನು ಗ್ರಿಡ್ ಒಂದರಿಂದಲೇ ಎಳೆಯಲಾಗದೆ, ತಲಾ 775 ಟನ್ ತೂಕದ ಎರಡು ಫ್ಲೈವೀಲ್ ಜನರೇಟರ್‌ಗಳನ್ನು ಮೊದಲೇ ತಿರುಗಿಸಿ ಶಕ್ತಿ ಕೂಡಿಡುತ್ತಿದ್ದರು.

ಇದರ ಒಳಗೋಡೆಗೆ ಮೊದಲು ಕಾರ್ಬನ್ ಬಿಲ್ಲೆಗಳಿದ್ದವು. ಕಾರ್ಬನ್ ಟ್ರಿಟಿಯಂ ಇಂಧನವನ್ನು ಹೀರಿ ಹಿಡಿದುಕೊಳ್ಳುತ್ತದೆ ಎಂಬುದು ಪ್ರಯೋಗಗಳಿಂದ ಗೊತ್ತಾಯಿತು. ಹಾಗಾಗಿ 2009ರಿಂದ 2011ರವರೆಗೆ ಯಂತ್ರ ನಿಲ್ಲಿಸಿ, ಆ ಬಿಲ್ಲೆಗಳನ್ನು ಕಳಚಿ ಬೆರಿಲಿಯಂ ಮತ್ತು ಟಂಗ್‌ಸ್ಟನ್ ಗೋಡೆ ಕೂರಿಸಿದರು. ಒಳಗೆ ವಿಕಿರಣವಿದೆ, ಬೆರಿಲಿಯಂ ಧೂಳು ವಿಷ. ಆದ್ದರಿಂದ ಹೊರಗಿನ ಕೋಣೆಯಲ್ಲಿ ಕುಳಿತ ತಂತ್ರಜ್ಞರು ರೋಬಾಟ್ ಕೈಗಳಿಂದಲೇ ಬೋಲ್ಟ್ ಬಿಚ್ಚಿ, ಬಿಲ್ಲೆ ಕೂರಿಸಿದರು. ಯಂತ್ರದ ಒಳಗಿನ ಕೈ ಎಷ್ಟು ಒತ್ತುತ್ತಿದೆ ಎಂಬುದು ಹೊರಗೆ ಕೂತವರ ಕೈಗೆ ತಿಳಿಯುವಂಥ ವ್ಯವಸ್ಥೆ ಅದು.

ಆ ಹೊಸ ಗೋಡೆಯಿದ್ದ ಯಂತ್ರವೇ 2023ರಲ್ಲಿ ಕೇವಲ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಶಕ್ತಿ ಹೊಮ್ಮಿಸಿ ದಾಖಲೆ ಮಾಡಿತು. ನಮ್ಮ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಇದು ಸುಮಾರು 19 ಯೂನಿಟ್. ಅದೂ ಶಾಖದ ರೂಪದಲ್ಲಿ, ಯಂತ್ರ ಓಡಿಸಲು ಅದಕ್ಕಿಂತ ಹೆಚ್ಚೇ ಖರ್ಚಾಗಿದೆ. ಫ್ಯೂಷನ್ ವಿದ್ಯುತ್ ನಾಳೆಯೇ ಮನೆಗೆ ಬರುತ್ತದೆ ಎಂದು ಸೆಮಿನಾರಿನಲ್ಲಿ ಹೇಳಬೇಕೆಂದಿದ್ದೆ. ಆ ಸ್ಲೈಡ್ ತೆಗೆದುಹಾಕಿದೆ. ಆದರೆ ಉಗುರಿನ ತುದಿಯಲ್ಲೂ ಕಾಣದಷ್ಟು ಇಂಧನ ಅಷ್ಟು ಶಕ್ತಿ ಕೊಟ್ಟಿತು ಎನ್ನುವುದೂ ಸುಳ್ಳಲ್ಲ.

ನಮ್ಮ ಗಾಂಧಿನಗರದಲ್ಲಿ

ನಮ್ಮ ದೇಶದಲ್ಲೂ ಈ ಕೆಲಸ ಇದೆ ಎಂದು ತಿಳಿದದ್ದು ಆಗಲೇ. ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲೇ ‘ಆದಿತ್ಯ’ ಟೋಕಮಾಕ್ ಚಾಲೂ ಆಗಿತ್ತು. ಹಳತಾಯಿತೆಂದು ಗುಜರಿಗೆ ಹಾಕದೆ, ಬಿಚ್ಚಿ ಹೊಸ ರೂಪ ಕೊಟ್ಟು 2016ರಲ್ಲಿ ‘ಆದಿತ್ಯ–ಯು’ ಮಾಡಿದರು.

ಅಲ್ಲಿನ ‘ಎಸ್‌ಎಸ್‌ಟಿ–1’ ಕಥೆ ನನಗೆ ಇನ್ನೂ ಇಷ್ಟವಾಯಿತು. ಅದರದು ಮೈನಸ್ 268 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುವ ಅತಿವಾಹಕ ಕಾಯಿಲ್‌ಗಳು. ಮೊದಲ ಸಲ ಜೋಡಿಸಿದಾಗ ಹೀಲಿಯಂ ಸೋರಿತು, ಜಾಯಿಂಟ್‌ಗಳಲ್ಲಿ ಬೇಡದ ರೋಧ ಕಾಣಿಸಿತು. ಮೀಟರ್ ಬೋರ್ಡಿನಲ್ಲಿ ಲೂಸ್ ಕನೆಕ್ಷನ್ ಇದ್ದರೆ ವೈರು ಬಿಸಿಯಾಗುತ್ತದಲ್ಲ, ಹಾಗೆ. ಆದರೆ ಇಲ್ಲಿ ಒಂದಿಷ್ಟು ಬಿಸಿಯಾದರೂ ಕಾಯಿಲ್ ತನ್ನ ಗುಣ ಕಳೆದುಕೊಳ್ಳುತ್ತದೆ. 2009ರಿಂದ ಯಂತ್ರವನ್ನು ಬಿಚ್ಚಿ, 16 ಮುಖ್ಯ ಕಾಯಿಲ್‌ಗಳನ್ನು ಒಂದೊಂದಾಗಿ ತಣಿಸಿ, ಕರೆಂಟ್ ಹರಿಸಿ, ಪರೀಕ್ಷೆ ಪಾಸಾದ ಮೇಲೆಯೇ ಮತ್ತೆ ಜೋಡಿಸಿದರು. 2013ರಲ್ಲಿ ಮೊದಲ ಪ್ಲಾಸ್ಮಾ ಬಂತು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಇಂಥ ಕಡೆ ಭೌತವಿಜ್ಞಾನದ ಪಿಎಚ್‌.ಡಿ. ಮಾಡಿದವರಷ್ಟೇ ಇರುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಆದರೆ ನಿರ್ವಾತ ಪಂಪ್, ಕ್ರಯೋಜೆನಿಕ್ಸ್, ವೆಲ್ಡಿಂಗ್, ಪವರ್ ಎಲೆಕ್ಟ್ರಾನಿಕ್ಸ್, ಕಂಟ್ರೋಲ್ ಸಾಫ್ಟ್‌ವೇರ್ ಗೊತ್ತಿರುವವರಿಲ್ಲದೆ ಅಲ್ಲಿ ಒಂದು ದಿನವೂ ನಡೆಯದು. ಫ್ರಾನ್ಸ್‌ನಲ್ಲಿ ಏಳು ಪಾಲುದಾರರು ಸೇರಿ ಕಟ್ಟುತ್ತಿರುವ ‘ಇಟರ್’ ಯೋಜನೆಯಲ್ಲಿ ಭಾರತವೂ ಒಬ್ಬ ಪಾಲುದಾರ. ಅದರ 3,850 ಟನ್ ತೂಕದ ಹೊರ ಪಾತ್ರೆ ಕ್ರಯೋಸ್ಟಾಟ್ ಭಾರತದ ಕೊಡುಗೆ. ಅಲ್ಲೂ 2022ರಲ್ಲಿ ತಂಪು ಕೊಳವೆಗಳಲ್ಲಿ ಬಿರುಕು ಸಿಕ್ಕಿ ರಿಪೇರಿ ಹಿಡಿಯಬೇಕಾಯಿತು.

ಸೆಮಿನಾರ್ ಮುಗಿದಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: ‘ಏನಪ್ಪಾ, ಸೂರ್ಯ ಅಂತ ಹೇಳಿ ಬರೀ ರಿಪೇರಿ ಕಥೆ ಹೇಳಿದೆ?’ ಎಲ್ಲರೂ ನಕ್ಕರು. ‘ಓದಿದಾಗ ಸಿಕ್ಕಿದ್ದೇ ಅದು’ ಎಂದೆ. ಮೇಡಂ ಮಾತ್ರ ಟರ್ನ್ ಶಾರ್ಟ್ ಹೇಗೆ ಪತ್ತೆ ಮಾಡುತ್ತೀರಿ ಎಂದು ಕೇಳಿದರು. ಅಪ್ಪ ಹೇಳಿದ್ದನ್ನು ಹೇಳಿದೆ. ಯಾರು ಹೇಳಿದ್ದು ಎಂಬುದನ್ನೂ ಹೇಳಿದೆ.

ಮುಂದೇನು ಎಂಬುದು ಇನ್ನೂ ನಿರ್ಧಾರವಾಗಿಲ್ಲ. ಮನೆಯಲ್ಲಿ ಶಿಕ್ಷಣ ಸಾಲ ಇದೆ, ಸಾಫ್ಟ್‌ವೇರ್ ಕಂಪನಿಯ ಪರೀಕ್ಷೆಗೂ ಓದುತ್ತಿದ್ದೇನೆ. ಆದರೆ ಮೆಂಟೆನೆನ್ಸ್ ವಿಭಾಗದ ಕೆಲಸ ಎಂದರೆ ಅರ್ಜಿಯನ್ನೇ ಮಡಚಿಡುತ್ತಿದ್ದ ನಾನು, ಈಗ ಅದಕ್ಕೂ ಹೆಸರು ಕೊಟ್ಟಿದ್ದೇನೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮೊದಲ ಬಾರಿಗೆ ಅಂಗಡಿಯಲ್ಲಿ ಕೂತು ಒಂದು ಕಾಯಿಲ್ ಸುತ್ತಿದೆ. ಅಪ್ಪ ಕನ್ನಡಕ ಏರಿಸಿ ನೋಡಿದರು. ಎರಡು ಕಡೆ ತಂತಿಯ ಇನಾಮೆಲ್ ಗೀಚಿತ್ತು. ‘ಬಿಚ್ಚು, ಮೊದಲಿಂದ ಸುತ್ತು’ ಎಂದರು. ಬಿಚ್ಚಿ, ಮೊದಲಿಂದ ಸುತ್ತಿದೆ.